ಬಡಿಸುವವರು ಯಾರು? ನಮ್ಮ ಸಭೆಯ ದಂಪತಿಗಳ ಔತಣದ ಅನುಭವ

ಫೆಬ್ರವರಿ 7ರ ಶನಿವಾರ ರಾತ್ರಿ ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ದಂಪತಿಗಳ ಔತಣ ನಡೆಯಿತು. ಬಾಡಿಗೆ ಪಾತ್ರೆಗಳು ವಾಪಸು ಹೋಗಿವೆ, ಖರ್ಚಿನ ಲೆಕ್ಕವೂ ಸಮಿತಿಯ ಮುಂದೆ ಬಂದಾಗಿದೆ, ಕಾಲುನೋವು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ. ಅಷ್ಟರಲ್ಲೇ ಬೇರೆ ಸಭೆಗಳ ಸ್ತ್ರೀ ಅನ್ಯೋನ್ಯ ಕೂಟದವರು (ಸಭೆಯ ಹೆಂಗಸರ ಸಂಘದವರು) ಫೋನು ಮಾಡಿ ಎಷ್ಟು ಖರ್ಚಾಯಿತು, ಅಡುಗೆ ಯಾರದು, ಜನ ಬಂದರಾ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಮ್ಮದು ದಕ್ಷಿಣ ಕನ್ನಡದ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಪಂಗಡ) ಸಭೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಿಳಿದ ಮೇಲೆ ಕರಾವಳಿಯಲ್ಲಿ ಬೆಳೆದ ಸಭೆಗಳ ಪೈಕಿ ಒಂದು. ಆರಾಧನೆ ಕನ್ನಡದಲ್ಲಿ, ಮನೆಮಾತು ಹೆಚ್ಚಿನವರಿಗೆ ತುಳು. ಸಭೆಯ ಊಟ ನಮಗೆ ಹೊಸದೇನಲ್ಲ. ಬೆಳೆ ಹಬ್ಬಕ್ಕೆ ಊಟ, ಕ್ರಿಸ್ಮಸ್‌ಗೆ ಊಟ, ಸಂಡೇ ಸ್ಕೂಲ್ ವಾರ್ಷಿಕೋತ್ಸವಕ್ಕೆ ಊಟ. ಅಷ್ಟೂ ಊಟಗಳಲ್ಲಿ ನಡೆಯುವುದು ಒಂದೇ. ಹೆಂಗಸರು ನಸುಕಿನಲ್ಲೇ ಬಂದು ಈರುಳ್ಳಿ ಹೆಚ್ಚುತ್ತಾರೆ, ತೆಂಗಿನಕಾಯಿ ತುರಿಯುತ್ತಾರೆ, ಆರಾಧನೆಗೆ ಓಡುತ್ತಾರೆ, ಆಮೇಲೆ ಬಡಿಸುತ್ತಾರೆ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತುಕೊಂಡೇ ಉಣ್ಣುತ್ತಾರೆ. ಅಷ್ಟು ಹೊತ್ತಿಗೆ ಅವರ ಗಂಡಂದಿರು ಉಂಡು ಕೈ ತೊಳೆದು ಹೊರಗೆ ಮಾವಿನ ಮರದ ಕೆಳಗೆ ಮಾತಾಡುತ್ತಿರುತ್ತಾರೆ.

ಮದುವೆಯಾದವರಿಗೆಂದೇ ಒಂದು ಸಂಜೆ ಇಡಬೇಕು ಎಂಬ ಮಾತನ್ನು ಮೊದಲು ಎತ್ತಿದವರು ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿ. ಫೆಬ್ರವರಿಯ ಎರಡನೇ ಭಾನುವಾರವನ್ನು ಹಲವು ಕಡೆ, ಮುಖ್ಯವಾಗಿ ಕಥೋಲಿಕ ಸಭೆಗಳಲ್ಲಿ, ವಿಶ್ವ ವಿವಾಹ ದಿನವೆಂದು ಆಚರಿಸುತ್ತಾರೆ. ಅದರ ಹಿಂದಿನ ದಿನ ನಾವೂ ಒಂದು ಔತಣ ಮಾಡೋಣ ಎಂದರು. ನಮ್ಮ ಕೂಟದ ಮೀಟಿಂಗಿನಲ್ಲಿ ಎಲ್ಲರೂ ಖುಷಿಯಿಂದ ತಲೆಯಾಡಿಸಿದರು. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ, ಈ ಸಭೆಯ ಅಡುಗೆಮನೆಯಲ್ಲೇ ಮುಕ್ಕಾಲು ಆಯಸ್ಸು ಕಳೆದಿರುವ ಆಂಟಿಯೊಬ್ಬರು ಕೇಳಿದರು: "ಔತಣ ದಂಪತಿಗಳಿಗೆ ಅಂತ ಹೇಳ್ತೀರಿ. ಒಳ್ಳೇದೇ. ಆದ್ರೆ ಬಡಿಸುವವರು ಯಾರು?"

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಅಡುಗೆ ಮಾಡುವವರು, ಬಡಿಸುವವರು, ಪಾತ್ರೆ ತೊಳೆಯುವವರು ಎಲ್ಲ ಆ ಕೋಣೆಯಲ್ಲೇ ಕೂತಿದ್ದೆವು. ನಾವೇ ಅತಿಥಿಗಳು, ನಾವೇ ಅಡುಗೆಯವರು. ಹೆಂಡತಿ ಒಲೆಯ ಹತ್ತಿರ, ಗಂಡ ಮೇಜಿನ ಹತ್ತಿರ ಇದ್ದರೆ ಅದಕ್ಕೆ ದಂಪತಿಗಳ ಔತಣವೆಂದು ಹೆಸರಿಡಬೇಕಾದ ಅಗತ್ಯವೇ ಇಲ್ಲ. ಅವತ್ತು ನಾವು ಒಂದು ನಿಯಮ ಮಾಡಿಕೊಂಡೆವು: ಪ್ರಾರ್ಥನೆಯಿಂದ ಹಿಡಿದು ಕೊನೆಯ ಸಿಹಿಯವರೆಗೆ ಗಂಡ ಹೆಂಡತಿ ಇಬ್ಬರೂ ಅಕ್ಕಪಕ್ಕ ಕೂತಿರಬೇಕು, ಯಾರೂ ಏಳಬಾರದು. ಮುಂದಿನ ತೀರ್ಮಾನಗಳೆಲ್ಲ ಈ ಒಂದರ ಮೇಲೆ ನಿಂತವು. ನೀವು ಮಾಡುವುದಾದರೂ ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ. ಮೆನುವೋ ಸ್ಟೇಜೋ ಆಮೇಲಿನ ಮಾತು.

ಇನ್ನು ಅನುಮತಿಯ ವಿಷಯ. ಸಭಾ ಹಾಲ್ ನಮ್ಮದೇ ಆದರೂ ಸಮಿತಿಯಲ್ಲಿ ನಿರ್ಣಯ ಆಗದೆ ಹಣ ಎತ್ತುವ ಹಾಗಿಲ್ಲ, ಹಾಲ್ ಬಳಸುವ ಹಾಗೂ ಇಲ್ಲ. ನಾವು ಅರ್ಜಿಯನ್ನು ಬರೆದೇ ಕೊಟ್ಟೆವು: ದಿನಾಂಕ, ಅಂದಾಜು ಜನ, ಅಂದಾಜು ಖರ್ಚು, ಹಣದ ಮೂಲ, ಜವಾಬ್ದಾರಿ ಯಾರದು. ಸಮಿತಿಯಲ್ಲಿ ಎರಡು ತಕರಾರು ಬಂದವು. ಬಡವರಿಗೆ ಕೊಡಬಹುದಾದ ಹಣವನ್ನು ಊಟಕ್ಕೆ ಯಾಕೆ ಹಾಕಬೇಕು ಎಂಬುದು ಒಂದು. ಫೆಬ್ರವರಿ 14ರ ಗಲಾಟೆಯನ್ನು ಸಭೆಯೊಳಗೆ ತರುವುದು ಬೇಡ ಎಂಬುದು ಇನ್ನೊಂದು. ಎರಡಕ್ಕೂ ಅಯ್ಯನವರೇ ಉತ್ತರ ಕೊಟ್ಟರು. ಸಭೆಯ ನಿಧಿಯಿಂದ ಒಂದು ರೂಪಾಯಿಯೂ ಬೇಡ, ಬಂದವರ ಕಾಣಿಕೆಯಿಂದಲೇ ನಡೆಯುತ್ತದೆ. ಮತ್ತೆ ಯೇಸು ತನ್ನ ಮೊದಲ ಸೂಚಕಕಾರ್ಯ ಮಾಡಿದ್ದು ಕಾನಾ ಊರಿನ ಮದುವೆಯ ಊಟದಲ್ಲಿ, ಆದ್ದರಿಂದ ಔತಣ ನಮಗೆ ಹೊರಗಿನದಲ್ಲ ಎಂದರು. ನಿರ್ಣಯ ಆಯಿತು. ಅದರ ಒಂದು ನಕಲನ್ನು ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ಹಾಲ್‌ನ ಬೀಗದ ಕೈ ಕೇಳುವಾಗ, ಜನರೇಟರ್‌ಗೆ ಮುಂಗಡ ಕೊಡುವಾಗ, ರಸೀದಿ ಪುಸ್ತಕ ತೆಗೆದುಕೊಳ್ಳುವಾಗ, ಎಲ್ಲ ಕಡೆ ಅದನ್ನು ಕೇಳಿದರು.

ದಿನಾಂಕ ಆರಿಸುವಾಗ ಮೂರ್ನಾಲ್ಕು ಕ್ಯಾಲೆಂಡರ್ ಮುಂದಿಟ್ಟುಕೊಳ್ಳಬೇಕಾಯಿತು. ಈ ವರ್ಷ ಬೂದಿ ಬುಧವಾರ ಫೆಬ್ರವರಿ 18ಕ್ಕೆ ಬಿತ್ತು. ಅದು ದಾಟಿದರೆ ಈಸ್ಟರ್‌ವರೆಗೆ ಉಪವಾಸ ಪ್ರಾರ್ಥನೆಯ ತಪಸ್ಸಿನ ಕಾಲ, ಈಸ್ಟರ್ ಏಪ್ರಿಲ್ 5ಕ್ಕೆ, ನಡುವೆ ಔತಣದ ಪ್ರಶ್ನೆಯೇ ಇಲ್ಲ. ಪಿಯುಸಿ ಮಕ್ಕಳ ಪರೀಕ್ಷೆ ಹತ್ತಿರ, ಯೌವನಸ್ಥರ ಸಂಘದ ಅರ್ಧ ಕೈಗಳು ಅಲ್ಲೇ ಕಡಿಮೆ. ಅದರ ಮೇಲೆ ಕರಾವಳಿಯಲ್ಲಿ ಫೆಬ್ರವರಿ ಎಂದರೆ ನೇಮ, ಕೋಲ (ದೈವಾರಾಧನೆ), ಜಾತ್ರೆ, ಮದುವೆ, ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ಎಲ್ಲ ಒಟ್ಟಿಗೆ. ಶಾಮಿಯಾನದವರು, ಅಡುಗೆಯವರು, ಪಾತ್ರೆ ಬಾಡಿಗೆಯವರು ಯಾರೂ ಖಾಲಿ ಇರುವುದಿಲ್ಲ. ನೀವು ಕರಾವಳಿಯವರಾದರೆ ಕ್ರಿಸ್ಮಸ್‌ಗೆ ಮುಂಚೆಯೇ ಪಾತ್ರೆ ಮತ್ತು ಮೇಜು ಬುಕ್ ಮಾಡಿಬಿಡಿ. ಹೊಸ ವರ್ಷದ ನಂತರ ಕೇಳಿದರೆ "ಶನಿವಾರ ಆಗ್ಲಿಕ್ಕಿಲ್ಲ, ಮಂಗಳವಾರ ಮಾಡಿ" ಎನ್ನುತ್ತಾರೆ.

ಶನಿವಾರಕ್ಕೇ ನಾವು ಪಟ್ಟು ಹಿಡಿಯಲು ಇನ್ನೊಂದು ಕಾರಣವಿತ್ತು. ಅದು ನಮ್ಮ ಸಭೆಯ ದೊಡ್ಡ ವಿಷಯ. ನಮ್ಮಲ್ಲಿ ಗಂಡ ಗಲ್ಫ್‌ನಲ್ಲಿ, ಹೆಂಡತಿ ಮಕ್ಕಳು ಊರಲ್ಲಿ ಇರುವ ಮನೆಗಳು ಬಹಳ. "ದಂಪತಿಗಳ ಔತಣ" ಎಂದು ಹೇಳಿದ ಕೂಡಲೇ ಆ ಹೆಂಗಸರು ತಾವು ಇದರಲ್ಲಿಲ್ಲ ಎಂದುಕೊಂಡುಬಿಡುತ್ತಾರೆ. ವರ್ಷಕ್ಕೊಮ್ಮೆ, ಕೆಲವರು ಎರಡು ವರ್ಷಕ್ಕೊಮ್ಮೆ ಗಂಡನ ಮುಖ ನೋಡುವವರು. ಮದುವೆಯನ್ನು ಹೆಚ್ಚು ಕಷ್ಟಪಟ್ಟು ಕಾಪಾಡಿಕೊಂಡಿರುವವರೇ ಅವರು. ಅವರನ್ನು ಬಿಟ್ಟು ಔತಣ ಮಾಡುವುದು ನನಗಂತೂ ಸರಿ ಕಾಣಲಿಲ್ಲ. ಕುವೈತ್, ಸೌದಿಯಲ್ಲಿ ಶುಕ್ರವಾರ ಶನಿವಾರ ರಜೆ. ಯುಎಇಯಲ್ಲಿ 2022ರಿಂದ ಶನಿವಾರ ಭಾನುವಾರ ರಜೆ. ಎರಡೂ ಕಡೆಯವರಿಗೆ ಹೊಂದುವುದು ಶನಿವಾರ ಒಂದೇ. ನಮಗೆ ರಾತ್ರಿ ಏಳೂವರೆ ಎಂದರೆ ದುಬೈಯಲ್ಲಿ ಸಂಜೆ ಆರು, ಕುವೈತ್‌ನಲ್ಲಿ ಐದು. ವೀಡಿಯೋ ಕಾಲ್‌ಗೆ ಹೊತ್ತಿನ ಅಡ್ಡಿಯಿಲ್ಲ. ಆ ಹೆಂಗಸರ ಮನೆಗಳಿಗೆ ನಾವೇ ಹೋಗಿ, "ಅವರ ಕುರ್ಚಿ ಖಾಲಿ ಬಿಡುವುದಿಲ್ಲ, ಫೋನ್ ಚಾರ್ಜ್ ಮಾಡಿ ತನ್ನಿ" ಎಂದು ಕರೆದು ಬಂದೆವು. ಎಲ್ಲರೂ ಒಪ್ಪಲಿಲ್ಲ. ಒಪ್ಪಿದವರು ಮಾತ್ರ ಸೀರೆ ಯಾವುದು ಉಡಲಿ ಎಂದು ಅವತ್ತೇ ಕೇಳಲು ಶುರು ಮಾಡಿದರು.

ಪಟ್ಟಿ ತಯಾರಿಸುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಸಭೆಯ ವಿವಾಹ ರಿಜಿಸ್ಟರ್ ತೆಗೆಸಿ ನೋಡಿದೆವು. 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ದೇವಾಲಯದಲ್ಲಿ ನಡೆದ ಮದುವೆಗಳೆಲ್ಲ ಅದರಲ್ಲಿ ಇವೆ, ಹಳೆಯ ಪುಟಗಳಲ್ಲಿ ಮಸಿ ಕಂದು ಬಣ್ಣಕ್ಕೆ ತಿರುಗಿದೆ. ಆದರೆ ಆ ಪುಸ್ತಕವೊಂದನ್ನೇ ನಂಬಿ ಪಟ್ಟಿ ಮಾಡಬೇಡಿ. ಹೆಣ್ಣಿನ ಊರಿನ ಸಭೆಯಲ್ಲಿ ಮದುವೆಯಾದವರು ಇರುತ್ತಾರೆ, 1954ರ ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಆದವರು ಇರುತ್ತಾರೆ, ಒಬ್ಬರು ಕ್ರೈಸ್ತರು ಇನ್ನೊಬ್ಬರು ಅಲ್ಲ ಎಂಬ ಮನೆಗಳೂ ಇರುತ್ತವೆ. ನಾವು ಸಭೆಯ ಮನೆಪಟ್ಟಿ ಹಿಡಿದು, ಪ್ರಾರ್ಥನಾ ವಲಯದ ಮುಖ್ಯಸ್ಥರನ್ನು ಕೂರಿಸಿಕೊಂಡು ಮನೆ ಮನೆ ಲೆಕ್ಕ ಹಾಕಿದೆವು. ಮನಸ್ತಾಪದಿಂದ ಬೇರೆ ಬೇರೆ ಇರುವ ದಂಪತಿಗಳಿಗೆ ಅಯ್ಯನವರೇ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕಂಡು ಆಮಂತ್ರಣ ಕೊಟ್ಟರು. ಬನ್ನಿ ಎಂದೂ ಒತ್ತಾಯಿಸಲಿಲ್ಲ, ಬಾರದವರ ಬಗ್ಗೆ ಯಾರೂ ಕೇಳಲಿಲ್ಲ. ಯಾರದೇ ಮನೆಯ ವಿಷಯ ವಾಟ್ಸ್‌ಆ್ಯಪ್ ಗುಂಪಿಗೆ ಬರದಂತೆ ನೋಡಿಕೊಳ್ಳಿ. ಹೆಸರುಗಳ ಪಟ್ಟಿ ನಮ್ಮಲ್ಲಿ ಕಾಗದದ ಮೇಲೆ ಮಾತ್ರ ಇತ್ತು.

ವಿಧವೆಯರ ಮತ್ತು ವಿಧುರರ ವಿಷಯಕ್ಕೆ ನಾನು ಹೆಚ್ಚು ಹೆದರಿದ್ದೆ. ಜೊತೆಗಾರರನ್ನು ಮಣ್ಣಿಗಿಟ್ಟು ಬಂದವರ ಮುಂದೆ ಈ ಸಡಗರ ಮಾಡುವುದು ಹೇಗೆ? ಕರೆಯದಿದ್ದರೂ ನೋವು, ಕರೆದರೂ ನೋವು. ಕೊನೆಗೆ ಅವರನ್ನೇ ಕೇಳಿದೆವು. ಕೆಲವರು "ಬೇಡಮ್ಮ, ನನಗೆ ಆಗುದಿಲ್ಲ" ಎಂದರು, ಅಲ್ಲಿಗೆ ಮಾತು ಬಿಟ್ಟೆವು. ಮೀಟಿಂಗಿನಲ್ಲಿ ಪ್ರಶ್ನೆ ಎತ್ತಿದ್ದರಲ್ಲ, ಆ ಆಂಟಿಯೂ ಗಂಡನನ್ನು ಕಳೆದುಕೊಂಡವರೇ. ಅವರು ಹೇಳಿದ್ದು ನನ್ನ ಕಿವಿಯಲ್ಲೇ ಇದೆ: "ಅವರಿದ್ದಿದ್ದರೆ ಈ ವರ್ಷ ಐವತ್ತು ತುಂಬ್ತಿತ್ತು. ಅಷ್ಟು ವರ್ಷದಲ್ಲಿ ಸಭೆಯ ಊಟಕ್ಕೆ ನಾವಿಬ್ಬರು ಒಟ್ಟಿಗೆ ಕೂತದ್ದೇ ಇಲ್ಲ. ನನ್ನನ್ನು ಅಡುಗೆಮನೆ ಬಾಗಿಲಿಗೆ ಹಾಕಿ. ಒಬ್ಬಳನ್ನೂ ಒಳಗೆ ಬಿಡುದಿಲ್ಲ." ಹಾಗೇ ಮಾಡಿದೆವು. ಅವರು ಹೇಗೆ ಕಾವಲು ಕಾದರು ಎಂಬುದನ್ನು ಮುಂದೆ ಹೇಳುತ್ತೇನೆ.

ಬಡಿಸುವವರ ಪ್ರಶ್ನೆ ಮಾತ್ರ ಬಹಳ ಕಾಲ ಬಗೆಹರಿಯಲೇ ಇಲ್ಲ. ಕೇಟರಿಂಗ್‌ಗೆ ಕೊಟ್ಟುಬಿಡಿ ಎಂದು ಸಲಹೆ ಬಂತು. ದರ ಕೇಳಿದರೆ ನಮ್ಮ ಅಂದಾಜಿನ ಎರಡರಷ್ಟು. ಬಫೆ ಮಾಡಿ ಎಂದರು ಕೆಲವರು. ಬಫೆಯಲ್ಲಿ ಏನಾಗುತ್ತದೆ ನೋಡಿ: ಗಂಡ ಕೂತಿರುತ್ತಾನೆ, ಹೆಂಡತಿ ಸಾಲಿನಲ್ಲಿ ನಿಂತು ಎರಡು ತಟ್ಟೆ ತುಂಬಿಸಿಕೊಂಡು ಬರುತ್ತಾಳೆ, ಮತ್ತೆ ಅನ್ನ ಬೇಕೆಂದರೆ ಮತ್ತೆ ಏಳುತ್ತಾಳೆ. ನಮ್ಮ ನಿಯಮಕ್ಕೆ ಅದು ಹೊಂದುವುದಿಲ್ಲ. ಯೌವನಸ್ಥರಲ್ಲಿ ಪರೀಕ್ಷೆಯವರನ್ನು ಬಿಟ್ಟರೆ ಉಳಿದವರು ಒಂದು ಸಾಲಿಗೂ ಸಾಲರು. ಆಗ ನನ್ನ ಯಜಮಾನರಿಗೆ ಪಕ್ಕದ ಊರಿನ ಸಭೆಯ ನೆನಪಾಯಿತು. ಅಲ್ಲಿಯ ಪುರುಷರ ಕೂಟದವರನ್ನು ಕಂಡು, ಈ ಸಲ ನೀವು ಬಂದು ನಮಗೆ ಬಡಿಸಿ, ಈಸ್ಟರ್ ಕಳೆದ ಮೇಲೆ ನೀವು ಔತಣ ಇಟ್ಟುಕೊಳ್ಳಿ, ನಮ್ಮ ಗಂಡಸರು ಬಂದು ನಿಮಗೆ ಬಡಿಸುತ್ತಾರೆ ಎಂದರು. ಒಂದೇ ಮಾತಿಗೆ ಒಪ್ಪಿದರು. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಸಿಕ್ಕಿದ ದೊಡ್ಡ ಉಪಾಯ ಇದೇ. ಹಣ ಖರ್ಚಿಲ್ಲ, ಋಣವೂ ಸಮ, ಎರಡು ಸಭೆಗಳ ನಡುವೆ ಹೊಸ ನಂಟು ಬೇರೆ. ನಿಮ್ಮ ಹತ್ತಿರ ಯಾವುದೇ ಸಭೆ ಇರಲಿ, ಕಥೋಲಿಕರಿರಲಿ ಯಾರೇ ಇರಲಿ, ಕೇಳಿ ನೋಡಿ.

ಅಡುಗೆಗೆ ಸಿಕ್ಕಿದವರು ನಮ್ಮ ಸಭೆಯವರೇ ಆದ ಒಬ್ಬರು ಅಂಕಲ್. ಮುಂಬಯಿಯ ಹೋಟೆಲಿನಲ್ಲಿ ದುಡಿದು ಊರಿಗೆ ಬಂದು ನೆಲೆಸಿದವರು, ಅವರ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ಸಂಬಳ ಬೇಡ, ಜೊತೆಗೆ ನಾಲ್ಕು ಗಟ್ಟಿ ಹುಡುಗರನ್ನು ಕೊಡಿ ಎಂದರು. ಮೆನು ಸರಳ: ಸ್ವಾಗತಕ್ಕೆ ದ್ರಾಕ್ಷಿ ಜ್ಯೂಸು, ಆಮೇಲೆ ನೀರ್ ದೋಸೆ, ಕೋಳಿ ಸುಕ್ಕ, ತುಪ್ಪದ ಅನ್ನ, ದಾಲ್, ಸೌತೆಕಾಯಿ ಮೊಸರು, ಮಾಂಸ ತಿನ್ನದವರಿಗೆ ಕಡಲೆ ಸುಕ್ಕ, ಕೊನೆಗೆ ಕ್ಯಾರಮೆಲ್ ಪುಡ್ಡಿಂಗ್. ಹಂದಿ, ದನ ಬೇಡವೆಂದು ಮೊದಲೇ ತೀರ್ಮಾನಿಸಿದೆವು. ಬೇರೆ ಧರ್ಮದ ಮನೆಯಿಂದ ಬಂದ ಅಳಿಯ ಸೊಸೆಯಂದಿರು ನಿಶ್ಚಿಂತೆಯಿಂದ ಉಣ್ಣಬೇಕು. ಪ್ರಮಾಣ ಬೇಕಾದವರಿಗೆ: ಅತಿಥಿಗಳು, ಬಡಿಸುವವರು, ಮಕ್ಕಳು ಸೇರಿ ಸುಮಾರು 150 ಜನಕ್ಕೆ 32 ಕಿಲೋ ಕೋಳಿ, 15 ಕಿಲೋ ಅಕ್ಕಿ ತುಪ್ಪದ ಅನ್ನಕ್ಕೆ. ಕೋಳಿ ತುಸು ಉಳಿಯಿತು, ಅನ್ನ ಸರಿಯಾಯಿತು. ನೀರ್ ದೋಸೆ ಅಷ್ಟು ಜನಕ್ಕೆ ಬಿಸಿಬಿಸಿ ಹುಯ್ಯುವುದು ಕಷ್ಟ. ಮೂರು ಒಲೆಯಲ್ಲಿ ಆರು ಕಾವಲಿ ಇಟ್ಟು ಸಂಜೆ ಐದಕ್ಕೇ ಶುರು ಮಾಡಿದ್ದರಿಂದ ಹೇಗೋ ಮುಗಿಯಿತು. ಕೈ ಕಡಿಮೆಯಿದ್ದರೆ ಕೋರಿ ರೊಟ್ಟಿಯ ಪ್ಯಾಕೆಟ್ ತಂದುಬಿಡಿ.

ಅಂಕಲ್ ಸುಕ್ಕ ಮಾಡುವುದನ್ನು ನಾನು ಹತ್ತಿರ ನಿಂತು ನೋಡಿದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ ಎಲ್ಲ ಹಿಂದಿನ ದಿನವೇ ಹುರಿದು ಪುಡಿಮಾಡಿ ಇಟ್ಟಿದ್ದರು. ಆದರೆ ತೆಂಗಿನಕಾಯಿಯನ್ನು ಮಾತ್ರ ಊಟಕ್ಕೆ ಮುಕ್ಕಾಲು ಗಂಟೆ ಇರುವವರೆಗೆ ಒಡೆಯಲೇ ಬಿಡಲಿಲ್ಲ. "ಫೆಬ್ರವರಿ ಸೆಕೆ ಉಂಟಲ್ಲ, ಕಾಯಿ ಮೊದಲೇ ಹಾಕಿದ್ರೆ ರಾತ್ರಿ ಆಗುವಾಗ ಹಳಸ್ತದೆ" ಎಂದರು. ಕೋಳಿ ಬೆಂದು ಮಸಾಲೆ ಹಿಡಿದ ಮೇಲೆ, ಬೆಳ್ಳುಳ್ಳಿ ಅರಸಿನ ಸೇರಿಸಿ ಜಜ್ಜಿದ ಹಸಿ ತುರಿಯನ್ನು ಮೇಲಿಂದ ಉದುರಿಸಿ, ಉದ್ದ ಹಿಡಿಯ ಸಟ್ಟುಗದಿಂದ ತಳದಿಂದ ಮೇಲಕ್ಕೆ ನಿಧಾನ ಮಗುಚಿದರು. ಆ ಪರಿಮಳಕ್ಕೆ ಹಾಲ್‌ನಲ್ಲಿ ಕುರ್ಚಿ ಜೋಡಿಸುತ್ತಿದ್ದ ಹುಡುಗರೆಲ್ಲ ಕಿಟಕಿಗೆ ಬಂದರು.

ಮನೆಯ ಗ್ಯಾಸ್ ಸಿಲಿಂಡರ್ ಒಟ್ಟು ಮಾಡಿ ತರುತ್ತೇವೆ ಎಂದು ಕೆಲವರು ಹೇಳಿದ್ದರು. ಬೇಡವೆಂದೆವು. 14.2 ಕಿಲೋದ ಸಿಲಿಂಡರ್ ಮನೆ ಅಡುಗೆಗೆ ಮಾತ್ರ, ಇಂಥ ಕೆಲಸಕ್ಕೆ 19 ಕಿಲೋದ ವಾಣಿಜ್ಯ ಸಿಲಿಂಡರನ್ನೇ ತರಬೇಕು. ನಮಗೆ ಎರಡು ಬೇಕಾಯಿತು. ತಟ್ಟೆಗೆ ಅಡಿಕೆ ಹಾಳೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧ ಇದೆ. ಸ್ಟೇಜಿನ ಹಿಂದೆ ಥರ್ಮೋಕೋಲ್ ಅಕ್ಷರ ಅಂಟಿಸುವುದಕ್ಕೂ ಅದೇ ನಿಷೇಧ, ಇದು ಬಹಳ ಜನಕ್ಕೆ ಗೊತ್ತಿರಲಿಲ್ಲ. ನಮ್ಮ ಸಂಡೇ ಸ್ಕೂಲ್ ಮಕ್ಕಳು ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದುಕೊಟ್ಟರು, ಅದೇ ಚಂದ ಕಂಡಿತು. ಧ್ವನಿವರ್ಧಕದ ವಿಷಯದಲ್ಲೂ ಎಚ್ಚರ ಇರಲಿ. ರಾತ್ರಿ 10ರ ಮೇಲೆ ಹೊರಗೆ ಮೈಕ್ ಕೇಳಿಸುವಂತಿಲ್ಲ. ನಮ್ಮ ಕಾರ್ಯಕ್ರಮ ಒಂಬತ್ತೂವರೆಗೆ ಮುಗಿಯುವಂತೆ ಜೋಡಿಸಿಕೊಂಡಿದ್ದೆವು.

ಹಣದ ಬಗ್ಗೆ. ಟಿಕೆಟ್ ಇಡುವುದು ಬೇಡವೆಂದು ನಾನು ವಾದಿಸಿದೆ. ದಿನಗೂಲಿಯ ಮನೆಯವರೂ ನಮ್ಮಲ್ಲಿ ಇದ್ದಾರೆ, ಜೋಡಿಗೆ 500 ರೂಪಾಯಿ ಎಂದರೆ ಅವರು ಏನಾದರೂ ನೆವ ಹೇಳಿ ಬಾರದೆ ಉಳಿಯುತ್ತಾರೆ. ಆಮಂತ್ರಣದ ಜೊತೆ ಹೆಸರಿಲ್ಲದ ಒಂದು ಕವರ್ ಇಟ್ಟೆವು, ಒಂದು ಜೋಡಿಯ ಊಟಕ್ಕೆ ಸುಮಾರು 500 ಆಗುತ್ತದೆ, ನಿಮ್ಮಿಂದಾದಷ್ಟು ಹಾಕಿ ಎಂದು ಬರೆದೆವು. ಕವರ್‌ಗಳನ್ನು ಭಾನುವಾರ ಕಾಣಿಕೆಯ ಚೀಲಕ್ಕೇ ಹಾಕಿದ್ದರಿಂದ ಯಾರು ಎಷ್ಟು ಕೊಟ್ಟರೆಂದು ಯಾರಿಗೂ ಗೊತ್ತಾಗಲಿಲ್ಲ. ಖಾಲಿ ಕವರ್‌ಗಳೂ ಇದ್ದವು, ಎರಡು ಸಾವಿರದವೂ ಇದ್ದವು. ಕವರ್‌ಗಳಿಂದ 27,450 ರೂಪಾಯಿ, ಬೇರೆ ದಾನಗಳಿಂದ 21,000 ಬಂತು. ಯುಪಿಐ ಮೂಲಕ ಕೊಡುವವರಿಗೆ ಸಭೆಯ ಖಾತೆಯ ಕ್ಯೂಆರ್ ಕೋಡ್ ಮಾತ್ರ ಕೊಡಿ. ಯಾರದೇ ಸ್ವಂತ ಫೋನ್ ನಂಬರಿಗೆ ಹಣ ಬರುವುದು ಬೇಡ, ನಾಳೆ ಲೆಕ್ಕ ಕೊಡುವಾಗ ಸಂಬಂಧಗಳೇ ಕೆಡುತ್ತವೆ. ಒಟ್ಟು ಖರ್ಚು 46,680 ರೂಪಾಯಿ. ಅದರಲ್ಲಿ ದೊಡ್ಡ ಪಾಲು ಪಾತ್ರೆ, ಕುರ್ಚಿ ಬಾಡಿಗೆ 8,200, ಕೋಳಿ 7,680. ಜನರೇಟರ್‌ಗೆ 4,000 ಹೋಯಿತು. ಅದು ಬೇಡವೆಂದವರಿದ್ದರು. ಏಳು ಗಂಟೆಗೆ ಕರೆಂಟು ಹೋದಾಗ ಅವರೇ ಮೊದಲು ಓಡಿ ಹೋಗಿ ಸ್ಟಾರ್ಟ್ ಮಾಡಿಸಿದರು.

ದೊಡ್ಡ ಆತಂಕ ಬಂದದ್ದು ಹಿಂದಿನ ದಿನ. ಬಾಡಿಗೆಯವರು ಟೆಂಪೋದಲ್ಲಿ ಕುರ್ಚಿ, ಪಾತ್ರೆ ಇಳಿಸಿದರು, ಮೇಜುಗಳಿಲ್ಲ. ಕೇಳಿದರೆ, ಮೇಜುಗಳೆಲ್ಲ ಒಂದು ನೇಮಕ್ಕೆ ಹೋಗಿವೆ, ಅಲ್ಲಿಂದ ಭಾನುವಾರವೇ ಬರುವುದು ಎಂದರು. ಮುಂಗಡದ ರಸೀದಿಯಲ್ಲಿ ಮೇಜಿನ ಸಂಖ್ಯೆ ಬರೆಸಿಕೊಂಡಿದ್ದೆವು, ಅದನ್ನು ತೋರಿಸಿದ ಮೇಲೆ ಬಾಡಿಗೆ ಕಡಿಮೆ ಮಾಡಿದರು. ಆದರೆ ಮೇಜಂತೂ ಬರಲಿಲ್ಲ. ಆ ಸಂಜೆ ನನಗೆ ಅಳುವೇ ಬಂದಿತ್ತು. ಹಾಲ್‌ನ ಪಕ್ಕದ ಶಾಲೆಯ ಟೀಚರ್ ಒಬ್ಬರು ನಮ್ಮ ಕೂಟದವರೇ. ಹೆಡ್‌ಮಾಸ್ಟರಿಗೆ ಫೋನು ಮಾಡಿ, ಕೈಬರಹದ ಪತ್ರ ಕೊಟ್ಟು, ಮಕ್ಕಳ ಡೆಸ್ಕುಗಳನ್ನು ತರಿಸಿದರು. ಎರಡೆರಡು ಡೆಸ್ಕು ಜೋಡಿಸಿ ಮನೆಗಳಿಂದ ತಂದ ಬಿಳಿ ಬೆಡ್‌ಶೀಟ್ ಹೊದೆಸಿದೆವು. ಡೆಸ್ಕಿನ ಮೇಲ್ಭಾಗ ಓರೆಯಾಗಿರುವುದರಿಂದ ಲೋಟ ಜಾರುತ್ತದೆ ಎಂದು ನನ್ನ ಮಗ ಕಂಡುಹಿಡಿದ. ಒಂದು ಪಕ್ಕಕ್ಕೆ ಹಳೆಯ ಸಂಗೀತ ಪುಸ್ತಕಗಳ ಕಟ್ಟು ಕೊಟ್ಟು ಸಮ ಮಾಡಿದರು ಹುಡುಗರು. ಪ್ರತಿ ಮೇಜಿಗೆ ಎರಡು ಜೋಡಿ, ನಾಲ್ಕು ಕುರ್ಚಿ. ನಾಲ್ಕು ಜನ ಕೂತರೆ ಮಾತು ಬರುತ್ತದೆ, ಇಬ್ಬರನ್ನೇ ಕೂರಿಸಿದರೆ ನಮ್ಮ ಹಿರಿಯರು ನಾಚಿಕೊಂಡು ತಟ್ಟೆ ನೋಡುತ್ತಲೇ ಊಟ ಮುಗಿಸಿಬಿಡುತ್ತಾರೆ.

ಮಕ್ಕಳಿಗೆ ಸಂಡೇ ಸ್ಕೂಲ್ ಕೋಣೆಯಲ್ಲಿ ಬೇರೆಯೇ ವ್ಯವಸ್ಥೆ ಮಾಡಿದ್ದೆವು. ಮದುವೆಯಾಗದ ಟೀಚರುಗಳು ನೋಡಿಕೊಂಡರು. ಅವರಿಗೆ ಆರೂವರೆಗೇ ಊಟ ಕೊಟ್ಟು, ಆಟ ಆಡಿಸಿ, ಸಣ್ಣವರನ್ನು ಚಾಪೆಯಲ್ಲಿ ಮಲಗಿಸಿದ್ದರು. ಮಕ್ಕಳ ವ್ಯವಸ್ಥೆ ಇಲ್ಲದೆ ಎಳೆಯ ದಂಪತಿಗಳನ್ನು ಕರೆಯಲೇಬೇಡಿ, ತಾಯಿ ಕೂರುವುದೇ ಇಲ್ಲ. ಹಿರಿಯರಿಗೆ ಶೌಚಾಲಯದ ಬದಿಯ ಮೇಜು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಚುಚ್ಚಿಕೊಂಡು ಕಾಯುತ್ತಾ ಕೂರುವಂತಿಲ್ಲ. ಆದ್ದರಿಂದ ಏಳೂವರೆಗೆ ಊಟ ಎಂದು ಆಮಂತ್ರಣದಲ್ಲಿ ಬರೆದಿದ್ದೆವು, ಭಾಷಣ ಎಷ್ಟೇ ಬಾಕಿಯಿರಲಿ ಏಳೂವರೆಗೇ ಬಡಿಸಿದೆವು.

ಆ ಸಂಜೆ 58 ಜೋಡಿಗಳು ಬಂದವು. ಬಾಗಿಲಲ್ಲಿ ಹೆಂಗಸರಿಗೆ ಮಲ್ಲಿಗೆ, ಗಂಡಸರ ಜೇಬಿಗೆ ಒಂದು ಗುಲಾಬಿ. ಹಳೆಯ ಹಂಚಿನ ಮಾಡಿನ ಹಾಲ್, ಸೆಕೆಗೆ ಎಲ್ಲರ ಕೈಯಲ್ಲೂ ಕಾರ್ಯಕ್ರಮದ ಹಾಳೆಯೇ ಬೀಸಣಿಗೆ. ಅಯ್ಯನವರು ಯೋಹಾನನ ಸುವಾರ್ತೆಯ ಎರಡನೇ ಅಧ್ಯಾಯ ಓದಿ ಹತ್ತು ನಿಮಿಷ ಮಾತಾಡಿದರು. ಔತಣದ ಯಜಮಾನನಿಗೆ ದ್ರಾಕ್ಷಾರಸ ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ, ನೀರು ತೋಡಿದ ಸೇವಕರಿಗೆ ಗೊತ್ತಿತ್ತು ಎಂಬ ವಾಕ್ಯದಲ್ಲಿ ನಿಂತು, ಆರು ಕಲ್ಲಿನ ಬಾನೆಗಳಿಗೆ ಕಂಠದವರೆಗೆ ನೀರು ತುಂಬಿಸುವುದು ಎಷ್ಟು ಹೊತ್ತಿನ ಕೆಲಸ ಎಂದು ಯೋಚಿಸಿದ್ದೀರಾ ಎಂದು ಗಂಡಸರನ್ನೇ ಕೇಳಿದರು. ಆಮೇಲೆ ಮದುವೆಯ ವಾಗ್ದಾನವನ್ನು ಎಲ್ಲರೂ ಕೂತಲ್ಲೇ, ಬೇಕಾದವರು ಮಾತ್ರ, ಮತ್ತೆ ಹೇಳಿದರು. ಎದ್ದು ನಿಲ್ಲಿಸಲಿಲ್ಲ, ಮುಂದೆ ಕರೆಯಲಿಲ್ಲ. ಆಟ ಆಡಿಸಬೇಕು, "ಆದರ್ಶ ದಂಪತಿ" ಬಹುಮಾನ ಕೊಡಬೇಕು ಎಂದು ಕೆಲವರು ಹೇಳಿದ್ದರು. ನಾನು ಬಿಲ್‌ಕುಲ್ ಒಪ್ಪಿರಲಿಲ್ಲ. ಒಬ್ಬರ ಮನೆಯೊಳಗೆ ಏನು ನಡೆಯುತ್ತಿದೆಯೋ ಯಾರಿಗೆ ಗೊತ್ತು, ಅಂಕ ಹಾಕಲು ನಾವು ಯಾರು?

ಪಕ್ಕದ ಸಭೆಯ ಗಂಡಸರು ಬಿಳಿ ಶರ್ಟು ಹಾಕಿ, ಹೆಗಲಿಗೆ ಬೈರಾಸು (ಟವೆಲ್) ಹಾಕಿ ಬಂದಿದ್ದರು. ಬಕೆಟ್, ಸೌಟು ಹಿಡಿದು ಬಡಿಸುವುದನ್ನು ಹಿಂದಿನ ವಾರ ಅವರದೇ ಸಭೆಯ ಹೆಂಗಸರು ಕಲಿಸಿ ಕಳಿಸಿದ್ದರಂತೆ. ಮೊದಲ ಸುತ್ತಿನಲ್ಲಿ ತುಸು ಗಡಿಬಿಡಿ, ಒಂದು ಮೇಜಿಗೆ ಎರಡು ಸಲ ದಾಲ್, ಇನ್ನೊಂದಕ್ಕೆ ಇಲ್ಲವೇ ಇಲ್ಲ. ಇದನ್ನು ಕಂಡ ನಮ್ಮ ಹೆಂಗಸರಿಗೆ ಕೂತಿರಲು ಆಗಬೇಕಲ್ಲ! ಒಬ್ಬರು ಸೆರಗು ಸಿಕ್ಕಿಸಿಕೊಂಡು ಎದ್ದರು, ಅವರ ಹಿಂದೆ ಮತ್ತೊಬ್ಬರು. ಅಡುಗೆಮನೆ ಬಾಗಿಲಲ್ಲಿ ಆಂಟಿ ಎರಡೂ ಕೈ ಚೌಕಟ್ಟಿಗೆ ಚಾಚಿ ನಿಂತಿದ್ದರು. "ಹೋಗಿ ಕೂತ್ಕೊಳ್ಳಿ. ಇಲ್ಲಿ ನಿಮಗೆ ಕೆಲಸ ಇಲ್ಲ." "ಉಪ್ಪು ನೋಡ್ತೇನೆ ಆಂಟಿ, ಅಷ್ಟೆ." "ಉಪ್ಪು ಸರಿ ಉಂಟು. ಗಂಡನ ಹತ್ತಿರ ಹೋಗು." ಹೀಗೆ ಹತ್ತಾರು ಜನರನ್ನು ಹಿಂದೆ ಕಳಿಸಿದರು. ಎರಡನೇ ಸುತ್ತಿಗೆ ಯಾರೂ ಏಳಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಒಬ್ಬರು, ಇವರು ಸುಕ್ಕದಲ್ಲಿ ಲಿವರ್ ಇಷ್ಟಪಡುತ್ತಾರೆಂದು ಇಷ್ಟು ದಿನ ಗೊತ್ತೇ ಇರಲಿಲ್ಲ, ಮನೆಯಲ್ಲಿ ಯಾವಾಗಲೂ ನನಗೇ ಹಾಕುತ್ತಿದ್ದರು ಎಂದು ಹೆಂಡತಿಯ ಬಗ್ಗೆ ನಮ್ಮ ಯಜಮಾನರ ಹತ್ತಿರ ಹೇಳಿದರಂತೆ.

ಗಲ್ಫ್ ಮನೆಯವರ ಮೇಜಿನಲ್ಲಿ ಫೋನುಗಳನ್ನು ನೀರಿನ ಲೋಟಕ್ಕೆ ಆನಿಸಿ ನಿಲ್ಲಿಸಿದ್ದರು. ಕುವೈತ್‌ನಲ್ಲಿದ್ದ ಒಬ್ಬರು ತಮ್ಮ ರೂಮಿನಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿ, ಕುಬ್ಬೂಸ್ (ಅರಬ್ ರೊಟ್ಟಿ) ಮತ್ತು ಚಿಕನ್ ತಟ್ಟೆಗೆ ಹಾಕಿಕೊಂಡು, ಇಲ್ಲಿ ಹೆಂಡತಿ ತುತ್ತು ಎತ್ತುವವರೆಗೆ ಕಾದು ಕೂತಿದ್ದರು. ಹಾಲ್‌ನ ಒಳಗೆ ನೆಟ್‌ವರ್ಕ್ ಹಿಡಿಯುವುದಿಲ್ಲವೆಂದು ನಮ್ಮ ಹುಡುಗನೊಬ್ಬ ಕಿಟಕಿಯ ಬಳಿ ತನ್ನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟಿದ್ದ. ಇದನ್ನು ಹಿಂದಿನ ದಿನವೇ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಪರೀಕ್ಷಿಸಿ ನೋಡಿ. ವಾಗ್ದಾನ ಹೇಳುವಾಗ ಒಂದು ಫೋನು ಎರಡು ಸಲ ಕಡಿದುಹೋಯಿತು. ಆಕೆ ಪುನಃ ಹಚ್ಚುವವರೆಗೆ ಪಕ್ಕದ ಮೇಜಿನವರೂ ಬಾಯಿ ಮುಚ್ಚಿ ಕಾದರು, ಆಮೇಲೆ ಒಟ್ಟಿಗೆ ಮುಂದುವರಿಸಿದರು.

ಊಟವಾದ ಮೇಲಿನ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಲ್ಲೇ ಹೆಂಗಸರ ಕೈ ಮತ್ತೆ ಸಿಕ್ಕಿಬೀಳುತ್ತದೆ. ಪಾತ್ರೆ ತೊಳೆಯಲು ಇಬ್ಬರನ್ನು ಕೂಲಿಗೆ ಹೇಳಿದ್ದೆವು, ಒಬ್ಬರಿಗೆ 1,000 ರೂಪಾಯಿ. ಆ ದುಡ್ಡಿಗೆ ಜಿಪುಣತನ ಮಾಡಬೇಡಿ. ಹಾಳೆ ತಟ್ಟೆ, ಉಳಿದ ಅನ್ನ ಎಲ್ಲ ಹಸಿ ಕಸ, ಅದನ್ನು ಬೇರೆಯೇ ಚೀಲಕ್ಕೆ ತುಂಬಿಸಿ ಒಬ್ಬರ ತೋಟದ ಗೊಬ್ಬರದ ಗುಂಡಿಗೆ ಹಾಕಿದರು. ಉಳಿದ ಕೋಳಿಯನ್ನು ಬಾರದ ಹಿರಿಯರ ಮನೆಗಳಿಗೆ ಆ ರಾತ್ರಿಯೇ ಹುಡುಗರು ಬೈಕಿನಲ್ಲಿ ಮುಟ್ಟಿಸಿದರು. ಬಡಿಸಿದವರು, ಅಂಕಲ್, ಬಾಗಿಲು ಕಾದ ಆಂಟಿ, ಟೀಚರುಗಳು, ನಾನು, ನನ್ನ ಯಜಮಾನರು ಎಲ್ಲ ಕೊನೆಯ ಪಂಕ್ತಿಯಲ್ಲಿ ಕೂತೆವು. ನಮಗೆ ಬಡಿಸಿದವರು ಅಯ್ಯನವರು ಮತ್ತು ಅಮ್ಮ, ಅಂದರೆ ಅಯ್ಯನವರ ಹೆಂಡತಿ. ಇದನ್ನು ಮಾತ್ರ ಕಾರ್ಯಕ್ರಮದಲ್ಲೇ ಬರೆದಿಡಿ. ಇಲ್ಲದಿದ್ದರೆ ದುಡಿದವರು ದಣಿವಿನಲ್ಲಿ ಉಣ್ಣದೆ ಮನೆಗೆ ಹೋಗಿಬಿಡುತ್ತಾರೆ.

ಮಾರನೆಯ ವಾರ ಖಜಾಂಚಿಯವರಿಗೆ ಬಿಲ್ಲು, ವೋಚರ್ ಎಲ್ಲ ಒಪ್ಪಿಸಿದೆವು. ಮೀನು ಮಾರ್ಕೆಟಿನ ಪಕ್ಕದ ಕೋಳಿ ಅಂಗಡಿಯವರು ಬಿಲ್ಲು ಕೊಡುವುದಿಲ್ಲ, ಒಂದು ವೋಚರ್ ಬರೆದು ಅವರ ಸಹಿ ಹಾಕಿಸಿಕೊಂಡಿದ್ದು ಉಪಯೋಗಕ್ಕೆ ಬಂತು. ಉಳಿದ 1,770 ರೂಪಾಯಿಯನ್ನು ಪಕ್ಕದ ಸಭೆಯ ಔತಣಕ್ಕೆ ಮೊದಲ ಕಾಣಿಕೆಯಾಗಿ ಕೊಡುವುದೆಂದು ಸಮಿತಿ ಒಪ್ಪಿದೆ. ಅವರು ಈಸ್ಟರ್ ಕಳೆದ ಮೇಲೆ ಒಂದು ಶನಿವಾರ ಇಟ್ಟುಕೊಳ್ಳುತ್ತಾರೆ, ದಿನ ಇನ್ನೂ ಗೊತ್ತಾಗಬೇಕು. ನಮ್ಮ ಗಂಡಸರಲ್ಲಿ ಹದಿನೆಂಟು ಜನ ಹೆಸರು ಕೊಟ್ಟಿದ್ದಾರೆ. ಬಕೆಟ್ ಹಿಡಿಯುವುದು, ದಾಲ್ ಯಾವ ಸುತ್ತಿಗೆ, ನೀರ್ ದೋಸೆ ಮಡಚುವುದು ಹೇಗೆ ಎಂದು ಕಲಿಸಲು ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಆಂಟಿ ಅವರನ್ನು ಹಾಲ್‌ಗೆ ಬರಹೇಳಿದ್ದಾರೆ.